ಕಾಪಾ ಮುಂದಕ್ಕೇ ಎಳೆದಳು

ಹಲ್ಲಿನ ಡಾಕ್ಟರು ಕಾಪಿತೊಲಿನಾಳ, ಎಲ್ಲರ ಬಾಯಲ್ಲಿ ಕಾಪಾಳ, ಹಳೆಯ ಕಟ್ಟುಹಲ್ಲನ್ನು ಬಟ್ಟಲಿಗೆ ಹಾಕಿ, ಹೊಸದಕ್ಕೆ ಅಚ್ಚು ತೆಗೆಯಲು ಕೂತಿದ್ದರು. ಆಗ ನರ್ಸ್ ಒಳಗೆ ಬಂದು, ಹವಾಮಾನದ ಸುದ್ದಿ ಹೇಳುವವಳ ಹಾಗೆ ಹೇಳಿದಳು: "ಕಾಪಾ ಅತ್ತೆ, ನೀವಿಲ್ಲಿ ಬಾಯಿ ತೆರ್ಕೊಂಡು ಕೂತಿದ್ದೀರಲ್ಲ, ಜಿಲ್ಲಾ ಕಚೇರಿಯ ಆ ತನಿಖೆಯವನು ಎಂಟು ಗಂಟೆಗೇ ನಿಮ್ಮೂರಿಗೆ ಹೊರಟ. ಜೀಪು ಹೋಗಿದ್ದನ್ನ ನಾನೇ ನೋಡಿದೆ."

"ಶುಕ್ರವಾರ ಬರ್ತೀವಿ ಅಂದಿದ್ರಲ್ಲೇ?"

"ಇವತ್ತು ಬುಧವಾರ ಅತ್ತೆ. ನೀವು ಊರಲ್ಲಿಲ್ಲ ಅಂತ ಯಾರೋ ಕಿವಿಯಲ್ಲಿ ಊದಿರಬೇಕು."

ಗಂಟೆ ಒಂಬತ್ತಾಗಿತ್ತು. ಕಾಪಾ ಕುರ್ಚಿಯಿಂದ ಇಳಿದಳು. ಡಾಕ್ಟರು, "ಅಮ್ಮಾ, ಹಲ್ಲು!" ಎಂದು ಕೂಗುತ್ತಲೇ ಇದ್ದರು. "ಹಲ್ಲು ಎಲ್ಲೂ ಓಡಿಹೋಗಲ್ಲ ಡಾಕ್ಟ್ರೇ, ಊರು ಹೋಗುತ್ತೆ," ಎಂದು ಕತ್ತಿನ ಬಟ್ಟೆಯನ್ನು ಕಿತ್ತೆಸೆದು, ಮೇಲಿನ ವಸಡು ಖಾಲಿ ಇಟ್ಟುಕೊಂಡೇ ಅವಳು ಹೊರಗೆ ಬಂದಳು.

ಅವಳ ಊರು ತಾಸ್ಕುಯೆಲ್. ಪೇಟೆಯಿಂದ ನೂರಿಪ್ಪತ್ತು ಕಿಲೋಮೀಟರ್. ಒಂದು ಕಾಲಕ್ಕೆ ತವರದ ಗಣಿ, ಎರಡು ಸಾವಿರ ಜನ, ಶಾಲೆ, ಈಜುಕೊಳ. ಈಗ ಅಲ್ಲಿ ಇರುವವಳು ಕಾಪಾ ಒಬ್ಬಳೇ. ಯಾರೂ ವಾಸವಿಲ್ಲ ಎಂದು ತನಿಖೆಯವನು ಬರೆದುಕೊಟ್ಟರೆ ಊರಿನ ಹೆಸರು ಸರ್ಕಾರದ ಪಟ್ಟಿಯಿಂದ ಹೋಗುತ್ತದೆ. ಕರೆಂಟಿನ ತಂತಿ ಸುತ್ತಿಕೊಂಡು ಹೋಗುತ್ತಾರೆ. ಆಮೇಲೆ ಯಾರೂ ಹಿಂದಿರುಗದ ಹಾಗೆ ಮನೆಗಳಿಗೆ ಬೆಂಕಿ ಇಡುತ್ತಾರೆ. ಪಕ್ಕದ ಕಣಿವೆಯ ಎರಡು ಊರು ಹಾಗೆ ಉರಿದದ್ದನ್ನು ಅವಳು ತನ್ನ ಅಂಗಳದಲ್ಲಿ ನಿಂತು ನೋಡಿದ್ದಳು. ಮೂರು ದಿನ ಹೊಗೆ ಬಂದಿತ್ತು.

ಅವಳ ಗಾಡಿ ಹಳೆಯದು, ಬ್ರೆಡ್ಡಿನ ಆಕಾರದ್ದು. ನಮ್ಮ ಕಡೆ ಅದನ್ನು ಬ್ರೆಡ್ಡು ಎಂದೇ ಕರೆಯುತ್ತಾರೆ. ಒಂದು ಬಾಗಿಲಿಗೆ ಹಗ್ಗ ಕಟ್ಟಿದೆ, ಇನ್ನೊಂದು ತೆರೆಯುವುದೇ ಇಲ್ಲ. ಆದರೆ ಎಂಜಿನ್ನನ್ನು ಕಾಪಾ ಹೆತ್ತ ಮಗುವಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದಾಳೆ. ಹೊಸ ರಸ್ತೆ ಬೆಟ್ಟ ಸುತ್ತಿ ಹೋಗುತ್ತದೆ. ತನಿಖೆಯ ಜೀಪು ಹಿಡಿದದ್ದು ಅದನ್ನು. ಕಾಪಾ ಹಳೆಯ ದಾರಿಗೆ ತಿರುಗಿಸಿದಳು. ಮೂವತ್ತು ಕಿಲೋಮೀಟರ್ ಕಡಿಮೆ. ನಕ್ಷೆಯಲ್ಲಿ ಆ ದಾರಿ ಈಗಿಲ್ಲ. ನಕ್ಷೆ ಬರೆಯುವವರನ್ನು ಕೇಳಿಕೊಂಡು ಕಾಪಾ ಎಂದೂ ಗಾಡಿ ಓಡಿಸಿದವಳಲ್ಲ.

ಅದು ಅವಳ ಅಪ್ಪ ಗುದ್ದಲಿ ಹಿಡಿದು ಕಡಿದ ದಾರಿ. ಯಾನಿಸ್ ಎಂಬ ಲಾಟ್ವಿಯದ ಬಡಗಿ. ಕೈದಿಯಾಗಿ ಬಂದ, ಹತ್ತು ವರ್ಷ ಕಲ್ಲು ಒಡೆದ, ಬಿಡುಗಡೆಯಾದಾಗ ಹೋಗಲು ಮನೆ ಉಳಿದಿರಲಿಲ್ಲ. ಹಾಲು ಕರೆಯುವ, ಈ ನೆಲದವರೇ ಆದ ಯಾಕುತ್ ಜನಾಂಗದ ಒಬ್ಬ ಹುಡುಗಿಯನ್ನು ಮದುವೆಯಾಗಿ ಇಲ್ಲೇ ನಿಂತ. "ನನ್ನನ್ನ ಇಲ್ಲಿಗೆ ತಂದಿದ್ದು ಅವರು, ಇಲ್ಲಿ ಉಳ್ಕೊಂಡಿದ್ದು ನಾನು," ಎನ್ನುತ್ತಿದ್ದ. ಮಗಳಿಗೆ ಆಸ್ತಿ ಅಂತ ಕೊಟ್ಟದ್ದು ಆ ಮಾತು ಮತ್ತು ಆ ಹಟ, ಎರಡೇ.

ದಾರಿಯುದ್ದಕ್ಕೂ ಲಾರ್ಚ್ ಮರಗಳು ಹಳದಿ ತಿರುಗಿದ್ದವು. ಸೆಪ್ಟೆಂಬರ್ ಕೊನೆ, ಕೊಚ್ಚೆಯ ಮೇಲೆ ತೆಳ್ಳಗೆ ಐಸ್. ಕುಸಿದ ಕಾವಲು ಗೋಪುರ ದಾಟಿತು, ಚಾವಣಿ ಹಾರಿಹೋದ ಅದಿರಿನ ಕಾರ್ಖಾನೆ ದಾಟಿತು. ಅದರ ಗೋಡೆಯ ಮೇಲೆ ಬಣ್ಣದ ಗಾಜಿನ ಚೂರುಗಳಿಂದ ಮಾಡಿದ ಗಗನಯಾತ್ರಿ ಇನ್ನೂ ಕೈ ಎತ್ತಿ ನಿಂತಿದ್ದ. ಮುಖದ ಚೂರು ಪೂರ್ತಿ ಉದುರಿತ್ತು. ಕಾಪಾ ಇಪ್ಪತ್ತೆರಡನೇ ವಯಸ್ಸಿನಿಂದ ಇಲ್ಲಿ ಅದಿರಿನ ಲಾರಿ ಓಡಿಸಿದವಳು. ಮೊದಲ ದಿನ ಗಂಡಸು ಡ್ರೈವರುಗಳು, "ಹೆಂಗಸು ಕೂತ ಲಾರಿ ಹಳ್ಳ ನೋಡುತ್ತೆ," ಎಂದು ನಕ್ಕಿದ್ದರು. ಆ ಚಳಿಗಾಲದಲ್ಲಿ ಅವರ ಪೈಕಿ ನಾಲ್ವರನ್ನು ಹಳ್ಳದಿಂದ ಎಳೆದದ್ದು ಅವಳೇ. ಗಣಿ ಮುಚ್ಚಿದಾಗ ಗಂಡ ದಕ್ಷಿಣದ ಊರಿಗೆ ಟಿಕೆಟ್ ತಂದ, ಎರಡು. ಅವಳು ಒಂದನ್ನು ಅವನ ಜೇಬಿಗೆ ತುರುಕಿ, ಇನ್ನೊಂದನ್ನು ಒಲೆಗೆ ಹಾಕಿದಳು. ಅದಕ್ಕಾಗಿ ಅವಳು ಅತ್ತಿಲ್ಲವೆಂದಲ್ಲ, ತುಂಬ ಅತ್ತಳು, ಆದರೆ ಹೋಗಲಿಲ್ಲ.

ಎರಡು ಸೇತುವೆ ಕೊಳೆತಿದ್ದವು. ಒಂದರ ಪಕ್ಕದ ಜಲ್ಲಿಯಲ್ಲಿ ಇಳಿಸಿ ಹತ್ತಿಸಿದಳು. ಇನ್ನೊಂದರ ಮೇಲೆ ಹಲಗೆಗಳನ್ನು ಮುಂದೆ ಹಾಸಿ, ದಾಟಿ, ಹಿಂದಿನಿಂದ ಎತ್ತಿ ಮತ್ತೆ ಮುಂದೆ ಹಾಸಿ ಒಂದೂವರೆ ಗಂಟೆ ಕಳೆದಳು. ಅರವತ್ತನಾಲ್ಕರ ಸೊಂಟ ಬೈಯುತ್ತಿತ್ತು. ಅವಳೂ ಅದಕ್ಕೆ ತಿರುಗಿ ಬೈದಳು. ಅವನು ತಲುಪುವ ಮೊದಲು ತನ್ನ ಚಿಮಣಿಯಲ್ಲಿ ಹೊಗೆ ಆಡಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಮೂರು ಗಂಟೆಗೆ ಉಲಾಖಾನ್ ಹೊಳೆ ಬಂತು. ಎರಡೂ ದಾರಿ ಕೂಡುವುದು ಅಲ್ಲಿ. ಸೇತುವೆ ಇಲ್ಲ, ಹೊಳೆಯಲ್ಲೇ ಇಳಿದು ದಾಟಬೇಕು. ದಾಟಿ ಹನ್ನೆರಡು ಕಿಲೋಮೀಟರ್ ಹೋದರೆ ಊರು.

ಹೊಳೆಯ ಮಧ್ಯದಲ್ಲಿ ಸರ್ಕಾರಿ ಜೀಪು ನಿಂತಿತ್ತು. ಬಾನೆಟ್ ಮೇಲೆ ಬೂಟು ಕಳಚಿಕೊಂಡು ಒಬ್ಬ ಕೂತಿದ್ದ, ನೀರಲ್ಲಿ ಜಾರಿ ಬಿದ್ದು ಸೊಂಟದವರೆಗೆ ಒದ್ದೆ. ಇನ್ನೊಬ್ಬ ಮಂಡಿಯುದ್ದ ನೀರಲ್ಲಿ ನಿಂತು ಸಿಗರೇಟು ಸೇದುತ್ತಿದ್ದ. ಅವನು ಗಾವ್ರಿಲ್, ಜಿಲ್ಲಾ ಕಚೇರಿಯ ಡ್ರೈವರ್, ಕಾಪಾಳ ಕೈಕೆಳಗೆ ಲಾರಿ ಕಲಿತವನು.

"ಲೇ ಗಾವ್ರಿಲಾ! ಹೊಳೇಲಿ ನಿಲ್ಲಿಸಬಾರದು ಅಂತ ನಿನಗೆ ಕಿವಿ ಹಿಂಡಿ ಹೇಳಿಕೊಟ್ಟಿರಲಿಲ್ವೇನೋ?"

"ಅಕ್ಕಾ, ನಾನು ನಿಲ್ಲಿಸಲಿಲ್ಲ. ನೀರಿನ ಆಳದ ಫೋಟೋ ಬೇಕು, ವರದಿಗೆ, ನಿಲ್ಲಿಸು ಅಂದ್ರು ಸಾಹೇಬ್ರು. ನಿಂತ ಎರಡು ನಿಮಿಷಕ್ಕೆ ಜಲ್ಲಿ ಚಕ್ರ ನುಂಗಿತು."

"ಈ ಹೊಳೆಯದೇ ತಪ್ಪು," ಎಂದ ಬಾನೆಟ್ ಮೇಲಿದ್ದವನು. ತನಿಖೆಯವನು ಇವನೇ, ಹೆಸರು ಗ್ಲೆಬ್ ಅರ್ಕಾದಿಯೆವಿಚ್. ದಕ್ಷಿಣದಿಂದ ಬಂದು ಮೂರು ತಿಂಗಳಾಗಿತ್ತು. "ಇದರ ತಳ ಸರಿಯಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಕಾಪಾ.

ಅವಳು ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಆಚೆ ದಡ ನೋಡಿದಳು. ಪಕ್ಕದಿಂದ ದಾಟಿ ಹೋಗಿಬಿಟ್ಟರೆ? ಸಂಜೆಯೊಳಗೆ ಮನೆ ಬೆಚ್ಚಗಾಗುತ್ತದೆ, ಹೊಗೆ ಆಡುತ್ತದೆ, ಇವನು ಇಲ್ಲೇ ಹಲ್ಲು ಕಡಿಯುತ್ತಾ ಕೂತಿರುತ್ತಾನೆ. ಆ ಆಸೆ ಬಂದದ್ದು ನಿಜ. ಆದರೆ ನಮ್ಮ ದಾರಿಯಲ್ಲಿ ನಿಂತ ಗಾಡಿಯನ್ನು ದಾಟಿ ಹೋದವನಿಗೆ ಮತ್ತೆ ಯಾರೂ ಬೆಂಕಿ ಕೊಡುವುದಿಲ್ಲ, ಅವನ ಮಕ್ಕಳಿಗೂ ಕೊಡುವುದಿಲ್ಲ. ಅವಳು ಡಬ್ಬಿಯಿಂದ ರೊಟ್ಟಿಯ ಚೂರು ಮುರಿದು ಹೊಳೆಗೆ ಕಾಣಿಕೆಯಾಗಿ ಹಾಕಿದಳು, ಅವಳ ಅಮ್ಮ ಹಾಕುತ್ತಿದ್ದ ಹಾಗೆ.

"ತಾಯಿ, ಹಿಂದಕ್ಕೆ ಎಳೀರಿ," ಎಂದ ಗ್ಲೆಬ್. "ಪೇಟೆ ಕಡೆ ದಡಕ್ಕೆ. ನಮ್ಮ ಕೆಲಸ ಮುಗೀತು."

"ಊರು ನೋಡಲೇ ಇಲ್ಲವಲ್ಲಪ್ಪ, ಏನು ಮುಗಿದಿದ್ದು?"

"ನೋಡೋದೇನಿದೆ? ದಾರಿ ಇಲ್ಲ, ಜನ ಇಲ್ಲ. ಕಚೇರಿಯಲ್ಲೇ ಬರೆದುಕೊಳ್ತೀನಿ."

ಕಾಪಾಳ ಕಿವಿ ಬಿಸಿಯಾಯಿತು. ಇಷ್ಟು ಹೊತ್ತು ಇವನು ಬಂದು ನೋಡುತ್ತಾನಲ್ಲ ಎಂದು ಹೆದರಿದ್ದಳು. ನೋಡದೆ ಹೋಗುವುದು ಅದಕ್ಕಿಂತ ದೊಡ್ಡ ಕೇಡು ಎಂದು ಈಗ ಹೊಳೆಯಿತು. ಗೇರ್ ಹಾಕಿ, ಜೀಪಿನ ಪಕ್ಕದಿಂದ, ಎಲ್ಲೂ ನಿಲ್ಲಿಸದೆ ಆಚೆ ದಡ ಹತ್ತಿದಳು. ಉಕ್ಕಿನ ಹಗ್ಗ ಎಸೆದಳು. ಗಾವ್ರಿಲ್ ಅದನ್ನು ಕೈಯಲ್ಲಿ ಹಿಡಿದು ಸಾಹೇಬರ ಮುಖ ನೋಡಿದ, ಅವಳ ಮುಖ ನೋಡಿದ, ಆಮೇಲೆ ಜೀಪಿನ ಮುಂದಿನ ಕೊಕ್ಕೆಗೆ ಸಿಕ್ಕಿಸಿದ.

"ಗಾವ್ರಿಲ್! ಹಿಂದಿನ ಕೊಕ್ಕೆಗೆ ಅಂದೆ!"

"ಹಿಂದಿನದು ತುಕ್ಕು ಹಿಡಿದಿದೆ ಸಾಹೇಬ್ರೆ. ತಾಳಲ್ಲ."

ಬ್ರೆಡ್ಡು ನರಳಿತು, ಜಾರಿತು, ಕಲ್ಲು ಕಚ್ಚಿತು, ಜೀಪು ನೀರು ಕಾರುತ್ತಾ ದಡಕ್ಕೆ ಬಂತು. ಅದರ ಎಂಜಿನ್ ಉಸಿರೆತ್ತಲಿಲ್ಲ. ಗ್ಲೆಬ್ ಇದು ಅಪಹರಣ ಎಂದ, ದೂರು ಕೊಡುತ್ತೇನೆ ಎಂದ. ಅವನ ತುಟಿ ನೀಲಿಯಾಗಿತ್ತು.

"ಕೊಡಪ್ಪ, ಧಾರಾಳವಾಗಿ ಕೊಡು. ಮೊದಲು ಹತ್ತು. ಆ ಕಡೆ ಪೇಟೆವರೆಗೆ ಒಂದು ಒಲೆ ಇಲ್ಲ. ಈ ಕಡೆ ಒಂದಿದೆ. ಕಾಲು ಉಳಿಸ್ಕೋಬೇಕೋ, ವರದಿ ಉಳಿಸ್ಕೋಬೇಕೋ, ನೀನೇ ಹೇಳು."

ಅವನು ಹತ್ತಿದ. ಜೀಪನ್ನು ಕಟ್ಟಿ ಎಳೆದುಕೊಂಡೇ ಹೊರಟಳು.

ನಾಲ್ಕೂವರೆಗೆ ತಾಸ್ಕುಯೆಲ್. ಐದು ಅಂತಸ್ತಿನ ಕಟ್ಟಡಗಳಿಗೆ ಕಿಟಕಿ ಇಲ್ಲ, ಈಜುಕೊಳದಲ್ಲಿ ಬರ್ಚ್ ಗಿಡ ಬೆಳೆದಿದೆ. ಕೊನೆಯಲ್ಲಿ ಕಾಪಾಳ ಮರದ ಮನೆ. ಬಾಗಿಲಿಗೆ ಬೀಗ ಇಲ್ಲ, ಹೊರಗಿನಿಂದ ಒಂದು ಕೋಲು ಒರಗಿಸಿದೆ. ಚಿಮಣಿಯಲ್ಲಿ ಹೊಗೆ ಇಲ್ಲ.

ಗ್ಲೆಬ್ ನಡುಗುತ್ತಲೇ ಅಂದ, "ಬೀಗ ಇಲ್ಲ. ಹೊಗೆ ಇಲ್ಲ. ಪಾಳು ಮನೆ. ನೀವೇ ತೋರಿಸಿಕೊಟ್ಟಿರಿ."

"ಬೀಗ!" ಕಾಪಾಳಿಗೆ ಮೈಯೆಲ್ಲ ಉರಿಯಿತು. "ಸೊನ್ನೆಗಿಂತ ಐವತ್ತು ಕೆಳಗಿನ ಚಳೀಲಿ ಒಬ್ಬ ನಡಕೊಂಡು ಬಂದ್ರೆ ಬೀಗ ನೆಕ್ಕಬೇಕಾ ಅವನು? ಕೋಲು ಒರಗಿಸಿದೆ ಅಂದ್ರೆ ಯಜಮಾನಿ ಹೊರಗೆ ಹೋಗಿದ್ದಾಳೆ, ನೀನು ಒಳಗೆ ಹೋಗು ಅಂತ. ಪಾಳು ಮನೆಗೆ ಯಾರಾದ್ರೂ ಕೋಲು ಒರಗಿಸ್ತಾರೇನೋ? ಹೋಗು, ತೆಗೆದು ನೋಡು!"

ಒಳಗೆ ಒಲೆಯಲ್ಲಿ ಸೌದೆ ಜೋಡಿಸಿ, ನಡುವೆ ಬರ್ಚ್ ತೊಗಟೆ ಸಿಕ್ಕಿಸಿತ್ತು. ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ಹೊರಗೆ ಇಣುಕುತ್ತಿತ್ತು, ಮರಗಟ್ಟಿದ ಬೆರಳಿಗೂ ಸಿಗುವ ಹಾಗೆ. ಅವಳು ಹೋಗುವಾಗ ಯಾವಾಗಲೂ ಹಾಗೇ ಇಟ್ಟು ಹೋಗುತ್ತಾಳೆ, ಯಾರಿಗೆ ಎಂದು ಗೊತ್ತಿಲ್ಲದವರಿಗೆ. ಗ್ಲೆಬ್ ಎರಡೂ ಅಂಗೈಯಲ್ಲಿ ಆ ಕಡ್ಡಿ ಹಿಡಿದು ಗೀರಿದ. ತೊಗಟೆ ಚಟಪಟ ಎಂದಿತು. ಅವನು ಒಲೆಗೆ ಇನ್ನಷ್ಟು ಹತ್ತಿರ ಸರಿದ.

ಹಿಮಸಾರಂಗದ ಮಾಂಸದ ಸಾರು ಮೂರು ಬಟ್ಟಲು ಕುಡಿದ. ಒಲೆಯ ಮೇಲೆ ಅವನ ಪ್ಯಾಂಟು ತೂಗುತ್ತಿತ್ತು. ಅವನು ಕಾಪಾಳ ಹೂವಿನ ಕಂಬಳಿ ಸುತ್ತಿಕೊಂಡು ಕೂತಿದ್ದ. ಕೊನೆಗೆ ಚೀಲದಿಂದ ಕಾಗದ ತೆಗೆದ.

"ನಾನು ಸುಳ್ಳು ಬರೆಯೋನಲ್ಲ," ಎಂದ ತಗ್ಗಿದ ದನಿಯಲ್ಲಿ. "ನಾವು ಬಂದಾಗ ಒಲೆ ತಣ್ಣಗಿತ್ತು."

"ಸುಳ್ಳು ಬರಿ ಅಂತ ನಿನ್ನನ್ನ ಯಾರು ಕೇಳಿದ್ರು? ಮೇಲಿಂದ ಶುರು ಮಾಡು. ಮೊದಲನೇ ಸಾಲು ಏನಿದೆ?"

"ವರದಿ ಬರೆದ ಸ್ಥಳ."

"ಬರಿ."

ಅವನ ಪೆನ್ನು ನಿಂತಿತು. "ಸಾಮಾನ್ಯವಾಗಿ ಪೇಟೆ ಅಂತಲೇ ಬರೀತೀವಿ..."

"ಸಾಹೇಬ್ರೆ," ಎಂದ ಗಾವ್ರಿಲ್, ಮೂಲೆಯಲ್ಲಿ ಮೂಳೆ ಚೀಪುತ್ತಾ, "ನಿಮ್ಮ ಪ್ಯಾಂಟು ಒಣಗ್ತಾ ಇರೋದು ಪೇಟೇಲಿ ಅಲ್ಲವಲ್ಲ."

ಕಾಪಾ ಒಲೆಗೆ ಇನ್ನೊಂದು ಸೌದೆ ಹಾಕಿದಳು. ಗ್ಲೆಬ್ ಬರೆದ: ತಾಸ್ಕುಯೆಲ್ ಊರು. ತಾರೀಕು ಹಾಕಿದ. ಎರಡನೇ ಸಾಲಿಗೆ ಬಂದು, ವಾಸವಿರುವವರು ಎಂಬಲ್ಲಿ ನಿಂತು, ಒಲೆ ನೋಡಿದ, ಅವಳ ಕಡೆ ನೋಡಿದ, ಒಂದು ಎಂದು ಅಂಕಿ ಗೀಚಿದ.

ಕಾಪಾ ಬಗ್ಗಿ ನೋಡಿ ಕಾಗದದ ಮೇಲೆ ಬೆರಳು ಊರಿದಳು.

"ಅಂಕಿ ಬೇಡ. ನಾಳೆ ನಿಮ್ಮ ಕಚೇರೀಲಿ ಕೂತವನು ಯಾವನಾದ್ರೂ ಒಂದನ್ನ ಸೊನ್ನೆ ಮಾಡ್ತಾನೆ. ಹೆಸರು ಬರಿ."

ಅವನು ಅಂಕಿ ಹೊಡೆದುಹಾಕಿದ. ಅವಳು ಹೇಳಿದಳು, ನಿಧಾನವಾಗಿ, ಅಪ್ಪನ ಹೆಸರೂ ಸೇರಿಸಿ. ಅವನು ಬರೆದುಕೊಂಡ.