ಅತ್ತೆಗೆ ಕಾಯಿಲೆ ಎಂದು ತೀರ್ಮಾನವಾದದ್ದು

ನನ್ನ ಸೋದರತ್ತೆ ಕಳ್ಳಿ ಎಂದು ಗೊತ್ತಾದದ್ದು ನಮ್ಮ ಓಣಿಯ ಕುಕ್ಕರುಗಳೆಲ್ಲ ಒಂದೊಂದಾಗಿ ಬಾಯಿ ಮುಚ್ಚಿಕೊಂಡ ಮೇಲೆ. ಮಡಿಕೇರಿಯಲ್ಲಿ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾಗಿ ನಮ್ಮ ಜೊತೆಗೇ ಇದ್ದವರು ಅವರು. ಸಂಜೆ ಯಾರ ಮನೆಗೆ ಹರಟೆಗೆ ಹೋದರೂ ಬರುವಾಗ ಆ ಮನೆಯ ಕುಕ್ಕರಿನ ವಿಷಲ್ ಇವರ ಸ್ವೆಟರಿನ ಜೇಬಿನಲ್ಲಿರುತ್ತಿತ್ತು. ಬೆಳ್ಳಿ ಲೋಟ ಎದುರಿಗಿದ್ದರೂ ಬೇಡ, ವಿಷಲ್ ಮಾತ್ರ. ಅವರ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಅವು ಸಾಲಾಗಿ ಕೂತಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ಮಾತ್ರ ನಡುಗಿಹೋದರು.

ಅಪ್ಪ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. "ಅಕ್ಕ, ಕಾಯಿಲೆ ಅಂದ್ಬಿಡೋಣ. ಮನಸ್ಸು ಸರಿಯಿಲ್ಲ ಅಂದ್ರೆ ಯಾರೂ ಕೇಸು ಹಾಕಲ್ಲ" ಎಂದರು.

"ನನಗೆ ಎಂಥ ಕಾಯಿಲೆಯೂ ಇಲ್ಲ. ಬೇಕು ಅನ್ನಿಸ್ತು, ತಗೊಂಡೆ."

"ಹಾಗಾದ್ರೆ ಕಳ್ಳತನ ಆಗ್ತದಲ್ಲ!"

"ಆಗ್ಲಿ."

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕೆಲವರಿಗೆ ಇಂಥ ಸೆಳೆತ ಇರುವುದುಂಟು, ಅದು ನಿಜವಾಗಿಯೂ ಕಾಯಿಲೆಯೇ ಎಂದು ಅವರು ಸಮಾಧಾನದಿಂದ ವಿವರಿಸಿ, "ನಿಮಗೆ ತಡ್ಕೊಳ್ಳೋಕೆ ಆಗ್ಲಿಲ್ಲ, ಅಲ್ವಾ ಟೀಚರ್?" ಎಂದು ಕೇಳಿದರು.

"ಆಗ್ತಿತ್ತು. ತಡ್ಕೊಳ್ಳಲಿಲ್ಲ" ಎಂದರು ಅತ್ತೆ.

ಇನ್ನೂ ಕೆಲವು ಸಲ ಮಾತಾಡಿಸಿದ ಮೇಲೆ ಹೇಳುತ್ತೇನೆ ಎಂದರು ಡಾಕ್ಟರು. ಅಪ್ಪನಿಗೆ ಅಷ್ಟು ಪುರುಸೊತ್ತೆಲ್ಲಿ? ಅಂದು ಸಂಜೆಯೇ ಮನೆಮನೆಗೆ ಹೋಗಿ ಕಾಯಿಲೆ ಎಂದು ಸಾರಿ, ವಿಷಲ್‌ಗಳನ್ನು ಕೊಟ್ಟು ಬಂದರು. ಕೆಳಮನೆಗೆ ಮಾತ್ರ ಬೀಗ ಹಾಕಿತ್ತು. ಆ ಮನೆಯಾಕೆ ಗೋಣಿಕೊಪ್ಪಲಿನ ಮಗಳ ಮನೆಗೆ ಹೋಗಿದ್ದರು.

ಆಮೇಲೆ ಶುರುವಾಯಿತು ನೋಡಿ. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದಲ್ಲ! ಒಬ್ಬರು ಬ್ರೆಡ್ಡು, ಕಿತ್ತಳೆಯ ಜೊತೆ ಹಳೆಯದೊಂದು ವಿಷಲ್ ತಂದರು. ಇನ್ನೊಬ್ಬರು ಅಂಗಡಿಯಿಂದ ಹೊಸದನ್ನೇ ತಂದರು, ಪ್ಯಾಕೆಟ್ ಸಮೇತ. ಮೇಲಿನ ಮನೆಯವರು ಕಿವುಡರಿಗೆ ಹೇಳುವ ಹಾಗೆ ಜೋರಾಗಿ, "ಬೇಕಾದಾಗ ತಗೊಳ್ಳಿ ಟೀಚರ್, ನಾವೇನೂ ಅಂದ್ಕೊಳ್ಳಲ್ಲ" ಎಂದು ಅತ್ತೆಯ ತಲೆ ಸವರಿದರು. ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲೂ ಅಷ್ಟೇ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಲೂ ಅಮ್ಮ ಅವರನ್ನು ಬಿಡುತ್ತಿರಲಿಲ್ಲ. ಅತ್ತೆ ಏನು ಹೇಳಿದರೂ ಎಲ್ಲರದೂ "ಹೌದು, ಹೌದು." ಜಡಿಮಳೆ ಹೊಯ್ಯುತ್ತಿರುವಾಗ ಅವರು ಬೇಕೆಂದೇ "ಎಂಥ ಬಿಸಿಲು!" ಅಂದರೂ ಹೌದು.

ಒಂದು ದಿನ ಊಟದ ನಡುವೆ ಅವರು ತಟ್ಟೆ ತಳ್ಳಿ ಕೂಗಿದರು: "ಒಬ್ಬರಾದ್ರೂ ಅಲ್ಲ ಅನ್ನಿ!"

"ಹೌದು, ಹೌದು" ಎಂದರು ಅಪ್ಪ.

ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ನನಗೂ ತುಂಬ ಸಂಕಟವಾಯಿತು.

ಅದೇ ವಾರ ಕೆಳಮನೆಯಾಕೆ ಊರಿಗೆ ಮರಳಿದರು. ಕಾಯಿಲೆಯ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ವಿಷಲ್ ಇಲ್ಲದೆ ಕಡಲೆ ಬೇಯದ ಸಿಟ್ಟಿನಲ್ಲಿ ನಮ್ಮ ಗೇಟಿಗೆ ಬಂದು, ಇಡೀ ಓಣಿಗೆ ಕೇಳಿಸುವ ಹಾಗೆ ಶುರುಮಾಡಿದರು: "ಎಂಥ ಟೀಚರೇ, ನೀವು ಬಂದು ಹೋದ ಮೇಲೇ ಅಲ್ವಾ ಅದು ಕಾಣೆಯಾದದ್ದು? ನಾಚಿಕೆ ಆಗುದಿಲ್ವಾ? ಕಳ್ಳಿ!"

ಅಪ್ಪ ಬರಿಗಾಲಿನಲ್ಲಿ ಓಡಿದರು. "ಅಯ್ಯೋ, ಅವರಿಗೆ ಹುಷಾರಿಲ್ಲ..." ಎಂದು ಪಿಸುಗುಟ್ಟುವಷ್ಟರಲ್ಲಿ ಅತ್ತೆ ಕೆಳಮನೆಯ ವಿಷಲ್ ತೆಗೆದುಕೊಂಡು ಬಂದು ಅಪ್ಪನ ರಟ್ಟೆ ಹಿಡಿದು ಪಕ್ಕಕ್ಕೆಳೆದರು.

"ನೀನು ಸುಮ್ಮನಿರು. ಅವರು ಬೈತಿರೋದು ನನಗೆ."

ಆಮೇಲೆ ಗೇಟು ತೆರೆದರು. "ನಾನೇ ತೆಗೆದದ್ದು. ತಪ್ಪಾಯ್ತು. ಹೊರಗೆ ಚಳಿ, ಒಳಗೆ ಬನ್ನಿ. ಕೂತ್ಕೊಂಡು ಬೈಯಿರಿ."