ಗೋಡೆಯ ಮೇಲಿನ ಮಲ್ಲೇಶಿ

ಈ ಊರಲ್ಲಿ ನದಿಯೊಳಗೇ ರಸ್ತೆ ಇದೆ ಎಂದರೆ ನೀವು ನಂಬಲಿಕ್ಕಿಲ್ಲ. ಮುಠಾ ನದಿಯ ಪಾತ್ರದಲ್ಲೇ ಡಾಂಬರು ಹಾಕಿದ್ದಾರೆ, ಸ್ಕೂಟರುಗಳು ಓಡುತ್ತವೆ. ಮೇಲೆ ಅಣೆಕಟ್ಟಿನ ಬಾಗಿಲು ತೆರೆದ ದಿನ ರಸ್ತೆ ಮುಳುಗುತ್ತದೆ. ನಮ್ಮ ಕಡೆ ಮಲಪ್ರಭೆಗೆ ಇಳಿಯುವ ಮುಂಚೆ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಇಲ್ಲಿ ಮೂಗಿಗೆ ಸೆರಗು ಹಿಡಿದು ದಾಟುತ್ತೇವೆ.

ಯಜಮಾನರಿಗೆ ಇಲ್ಲಿಗೆ ವರ್ಗವಾಗಿ, ಸದಾಶಿವ ಪೇಠೆಯ ಹಳೆಯ ವಾಡೆಯಲ್ಲಿ, ಅಂದರೆ ಒಂದೇ ಅಂಗಳದ ಸುತ್ತ ಹತ್ತಾರು ಬಿಡಾರಗಳಿರುವ ಮನೆಯಲ್ಲಿ, ಎರಡು ಕೋಣೆ ಸಿಕ್ಕವು. ಬಿಸಿಲು ಒಂದು ತಾಸು ಬರುತ್ತದೆ. ಅಷ್ಟಾದರೂ ಬರುತ್ತದಲ್ಲ, ತುಳಸಿ ಬದುಕಿದೆ. ಮಾತಿಗೆ ಮಾತ್ರ ಯಾರೂ ಇರಲಿಲ್ಲ. ಬೆಳಿಗ್ಗೆ ನದಿಯ ಕಡೆ ಹೋಗಿ ಬಟ್ಟೆ ಒಗೆಯುವವರು, ಎಮ್ಮೆಗಳು, ದಂಡೆಯ ಗೋಡೆಗೆ ಕಾಲೇಜು ಹುಡುಗರು ಬರೆದ ಚಿತ್ರ, ಇವನ್ನೆಲ್ಲ ಫೋನಿನಲ್ಲಿ ಹಿಡಿದು ಊರಿನ ಭಜನಾ ಮಂಡಳಿಯ ಗೆಳತಿಯರಿಗೆ ಕಳಿಸುವುದು ರೂಢಿಯಾಯಿತು. ಹೆಚ್ಚಾಗಿ ಆ ಗೋಡೆಯ ಚಿತ್ರವೇ: ಇಟ್ಟಿಗೆಯ ಮೇಲೆ ನಿಂತ ವಿಠ್ಠಲ. "ಭಾಳ ಪುಣ್ಯ ಮಾಡಿಯವಾ ನೀ" ಎಂದು ಉತ್ತರ ಬರುತ್ತಿತ್ತು.

ಆ ಗೋಡೆಯ ಬುಡದಲ್ಲಿ ಹೂ ಮಾರುವ ಭಾಗವ್ವ ನನ್ನ ಹರಕು ಮರಾಠಿ ಕೇಳಿ ನಕ್ಕಿದ್ದಳು. "ಕನ್ನಡದಾಗ ಕೇಳ್ರಿ ಅಕ್ಕಾರ, ಹೂವಿಗೇನ್ ಮರಾಠಿ ಬರ್ತದೇನು?"

ಇಂಡಿ ಕಡೆಯವಳು. ಚಿತ್ರದಲ್ಲಿ ವಿಠ್ಠಲನ ಪಕ್ಕ ಬೀಡಿ ಹಿಡಿದು ಕುಕ್ಕರಗಾಲಲ್ಲಿ ಕುಳಿತ ಗಾರೆ ಕೆಲಸದ ಗೌಂಡಿ ಆಕೆಯ ಗಂಡ ಮಲ್ಲೇಶಿ. ಹುಡುಗರು ಅವನನ್ನೇ ಎದುರಿಗೆ ಕೂರಿಸಿಕೊಂಡು ಬರೆದಿದ್ದರಂತೆ. ಮರುವರ್ಷ ಕಾಮಾಲೆಯಾಗಿ ತೀರಿಕೊಂಡ. ಆಮೇಲಿನ ಮಳೆಗಾಲದಲ್ಲಿ ನದಿ ಗುಡಿಸಲಿಗೆ ನುಗ್ಗಿ ಟ್ರಂಕು, ಫೋನು, ಇದ್ದೊಂದು ಫೋಟೊ ಎಲ್ಲ ಒಯ್ದಿತು. ಉಳಿದದ್ದು ಗೋಡೆ.

ಈ ಚಳಿಗಾಲ ದಂಡೆ ಅಗಲಿಸುವ ಕೆಲಸ ಬಂತು. ನಾನು ಜ್ವರದಿಂದ ಎದ್ದು ಹೋಗುವಷ್ಟರಲ್ಲಿ ಗೋಡೆ ಇರಲಿಲ್ಲ. ಭಾಗವ್ವ ಓಡಿಬಂದಳು.

"ನಿಮ್ಮ ಫೋನಿನಾಗ ಅದಾನಲ್ರಿ? ದಿನಾ ತಗೀತಿದ್ರಿ. ಅದಕ್ಕ ನಾ ಚಿಂತಿ ಮಾಡ್ಲಿಲ್ಲ."

ಕಲ್ಲಿನ ಮೇಲೆ ಕುಳಿತು ಹುಡುಕಿದೆವು. ವಿಠ್ಠಲ, ವಿಠ್ಠಲ, ಮತ್ತೆ ವಿಠ್ಠಲ. ದೇವರ ಫೋಟೊದಲ್ಲಿ ಬೀಡಿ ಬೇಡವೆಂದು ನಾನು ಪ್ರತಿ ಸಲ ಅವನನ್ನು ಬಿಟ್ಟೇ ತೆಗೆದಿದ್ದೆ. ಒಂದರಲ್ಲಿ ಮಾತ್ರ ನನ್ನ ಕೈ ಅಲುಗಿ, ಅಂಚಿನಲ್ಲಿ ಅವನ ಮುಂಗೈ ಬಂದಿತ್ತು, ಬೀಡಿಯ ಸಮೇತ.

"ತಪ್ಪಾತ ಭಾಗವ್ವಾ" ಎಂದೆ.

ಆಕೆ ಬೆರಳಿನಿಂದ ಪರದೆ ಉಜ್ಜಿದಳು. "ಬೀಡಿ ಬಿಡೋ ಅಂತ ನಾನೂ ಬಾಯಿ ಬಡ್ಕೊಂಡೆ ಅವಗ. ಕೈ ಅವಂದ ಅದ. ಮಾರಿ ನೆನಪದರೀ ನನಗ, ಸದ್ಯಕ್ಕ."

ಅಂದೇ ಫೋಟೊ ಅಂಗಡಿಗೆ ಹೋಗಿ, ಕೈಯಷ್ಟನ್ನೇ ದೊಡ್ಡದು ಮಾಡಿ ಕೊಡಲು ಹೇಳಿದೆ. ಅಂಗಡಿಯವನು ನನ್ನ ಹಣೆಯ ಕುಂಕುಮ ನೋಡಿದ. "ದೇವ್ ಕಾಪೂ ಕಾ, ಕಾಕೂ?" ದೇವರನ್ನು ಕತ್ತರಿಸಲೇ, ಚಿಕ್ಕಮ್ಮಾ, ಎಂದು.

"ಕಾಪಾ" ಎಂದೆ. ಮರಾಠಿಯಲ್ಲಿ ತಡವರಿಸದೆ ಆಡಿದ ಮೊದಲ ಮಾತು ಅದೇ. ಕ್ಷಮಿಸಪ್ಪಾ ಎಂದು ಬೇಡಿಕೊಂಡದ್ದು ಕನ್ನಡದಲ್ಲಿ.