ರೊಟ್ಟಿ ಗಿರಣಿ

ಹುಣಸಗಿಯ ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಮದುವೆಗೆ ಬಂದಳೆಂದರೆ ಬೀಗಿತ್ತಿಯರ ಎದೆ ಡವಡವ ಎನ್ನುತ್ತಿತ್ತು. ಊಟದ ಪಂಕ್ತಿಯಲ್ಲಿ ಬೀಗಿತ್ತಿಯ ಎದುರಿಗೇ ನಿಂತು ಅವಳ ಮೂಗು, ನಡಿಗೆ, ಜಿಪುಣತನ ಎಲ್ಲವನ್ನೂ ಹಾಡು ಕಟ್ಟಿ ಜರಿಯುವುದು ಆಕೆಯ ಕೆಲಸ. ಬೀಗಿತ್ತಿಯೂ ಸುಮ್ಮನಿರಬಾರದು, ತಿರುಗಿ ಹಾಡಬೇಕು. ಆಮೇಲೆ ಜರಿದವಳೇ ಬಗ್ಗಿ ಅವಳ ಎಲೆಗೆ ಹೋಳಿಗೆ ಹಾಕಿ ತುಪ್ಪ ಸುರಿಯಬೇಕು. ಹೆಚ್ಚು ಜರಿದಷ್ಟೂ ಹೆಚ್ಚು ತುಪ್ಪ.

ಅಂಥ ಮನೆತನದ ನಾನು ಸುರಪುರದ ಕಾಲೇಜಿನಲ್ಲಿ ಒಂದು ಸ್ಟಿಕರ್‌ಗೆ ಸೋತುಹೋದೆ.

ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುವಾಗ ಯಾರೋ ಫೋಟೊ ತೆಗೆದಿದ್ದರು. ಒಂದು ಗಲ್ಲ ಉಬ್ಬಿ, ತುಟಿಯಂಚಿನಲ್ಲಿ ಪುಂಡಿಪಲ್ಯ ಇಣುಕುತ್ತಿತ್ತು. ಅದಕ್ಕೆ ‘ರೊಟ್ಟಿ ಗಿರಣಿ’ ಎಂದು ಬರೆದು ಸ್ಟಿಕರ್ ಮಾಡಿದ್ದರು. ಕ್ಲಾಸಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಪರೀಕ್ಷೆ ಯಾವಾಗ ಎಂದು ಕೇಳಿದರೂ ಉತ್ತರವಾಗಿ ನನ್ನ ಗಲ್ಲವೇ ಬರುತ್ತಿತ್ತು. ಮಾಡಿದ್ದು ಯಾರು ಎಂದರೆ, “ನನಗೂ ಯಾರೋ ಕಳ್ಸಿದ್ರು” ಎಂಬ ಒಂದೇ ಮಾತು.

ಮೊದಮೊದಲು ನಾನೂ ನಕ್ಕೆ. ಆಮೇಲೆ ಡಬ್ಬಿ ಒಯ್ಯುವುದನ್ನು ಬಿಟ್ಟೆ. ಕೊನೆಗೆ ಮನೆಯಲ್ಲೂ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದೆ. ಸರ್‌ಗೆ ಹೇಳಿದರೆ, “ಗ್ರೂಪ್ ಬಿಟ್ಟುಬಿಡವಾ” ಅಂದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಉಪಾಯ.

ಇನ್ನು ಕಾಲೇಜೇ ಬೇಡ ಎಂದು ನಾನು ಮನೆಯಲ್ಲಿ ಕೂತಾಗ ಅತ್ತೆ ಬಂದಳು. ಮೊಬೈಲ್ ಕಸಿದುಕೊಂಡು ನೋಡಿದಳು. ನನಗೆ ಬೇಕಾಗಿದ್ದು ಸಮಾಧಾನ, ಸಿಕ್ಕಿದ್ದು ವಿಮರ್ಶೆ.

“ಇದೇನ ಜರಿಯೋದು? ಪ್ರಾಸ ಇಲ್ಲ, ಪದ ಇಲ್ಲ. ಯಾರು ಮಾಡ್ಯಾರ?”

“ಗೊತ್ತಿಲ್ಲ ಅತ್ತಿ.”

“ಮುಂದ ನಿಂತು ಅಂದ್ರ ಚಾಷ್ಟಿ. ಮರೀಗಿ ನಿಂತು ಅಂದ್ರ ಕಲ್ಲು ಒಗದಂಗ. ಅದಕ್ಕ ನೀ ಯಾಕ ಉಪಾಸ ಬೀಳ್ತಿ?”

ಅಷ್ಟಕ್ಕೇ ಬಿಡಲಿಲ್ಲ. ನನ್ನ ಮೊಬೈಲಿನಿಂದಲೇ ಗ್ರೂಪಿಗೆ ತನ್ನ ಧ್ವನಿ ಕಳಿಸಿದಳು: “ನಾ ಈ ಹುಡುಗಿ ಸೋದರತ್ತಿ ಮಾತಾಡಾಕತ್ತೀನಿ. ಈಕಿನ್ನ ಜರಿದವ್ರು ಐತಾರ ಮನಿಗಿ ಬರ್ರಿ. ಮುಂದ ಕುಂತು ಜರೀರಿ, ನಾ ಜವಾಬ ಕೊಡ್ತೀನಿ. ಆಮ್ಯಾಲ ಹೋಳಿಗಿ ಉಂಡು ಹೋಗ್ರಿ.”

ಭಾನುವಾರ ಒಬ್ಬರೂ ಬರಲಿಲ್ಲ, ಬುಟ್ಟಿ ತುಂಬ ಹೋಳಿಗೆ ಉಳಿಯಿತು.

“ಅವ್ರು ಬರಲಿಲ್ಲಂದ್ರ ಹೋಳಿಗಿನ ಹೋಗ್ಲಿ” ಎಂದು ಅತ್ತೆ ಮರುದಿನ ಬುಟ್ಟಿಯನ್ನೂ ತುಪ್ಪದ ಡಬ್ಬಿಯನ್ನೂ ನನ್ನ ಕೈಗಿಟ್ಟಳು. “ನಿನ್ನ ಕೈಲೇ ಬಡಿಸು. ಕದ್ದು ಜರಿದವ್ರಿಗಿ ಅದು ಗಂಟಲದಾಗ ಇಳಿಯಂಗಿಲ್ಲ, ನೋಡ್ತಿರು.”

ಅತ್ತೆಯ ಶಾಸ್ತ್ರ ಕ್ಲಾಸಿನ ಮೊದಲ ಬೆಂಚಿನಲ್ಲೇ ಸುಳ್ಳಾಯಿತು. ಸ್ಟಿಕರ್ ಹಂಚಿದ್ದ ಹುಡುಗರೆಲ್ಲ “ಇನ್ನೊಂದು ಹಾಕು” ಅಂದರು. ಅವರ ಗಂಟಲಲ್ಲಿ ಹೋಳಿಗೆ ಜಾರಿಕೊಂಡು ಹೋಯಿತು. ನನ್ನ ಬೆಂಚಿಗೆ ಬಂದಾಗ, ದಿನಾ ನನ್ನ ಡಬ್ಬಿಯಲ್ಲಿ ಅರ್ಧ ರೊಟ್ಟಿ ಮುರಿದು ತಿನ್ನುತ್ತಿದ್ದ ಗೆಳತಿ ತಲೆ ತಗ್ಗಿಸಿ, “ನನಗ ಬ್ಯಾಡ, ಹೊಟ್ಟಿ ಸರಿ ಇಲ್ಲ” ಅಂದಳು.

ಆಗ ಹೊಳೆಯಿತು. ಫೋಟೊ ಮಗ್ಗುಲಿಂದ ತೆಗೆದದ್ದು. ನನ್ನ ಮಗ್ಗುಲಿಗೆ ಕೂರುವವಳು ಇವಳೊಬ್ಬಳೇ. ಸಿಟ್ಟು ನೆತ್ತಿಗೇರಿತು. ಹುಡುಗರು ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

“ಮುಂದ ನಿಂತೀನಿ, ಈಗ ಜರಿ” ಅಂದೆ.

ಅವಳ ಕಣ್ಣು ತುಂಬಿತು. “ಚಾಷ್ಟಿಗಿ ಮಾಡಿದ್ದೆ. ಎಲ್ಲಾರು ನಕ್ರು. ಆಮ್ಯಾಲ ನಾನ ಅಂತ ಹೇಳಾಕ ಅಂಜಿಕಿ ಬಂತು.”

“ನನಗ ಹೇಳಬ್ಯಾಡ. ಅದನ್ನ ಎಲ್ಲಿ ಬಿಟ್ಟೀಯೋ ಅಲ್ಲೇ ಹೇಳು.”

ಅವಳು ಮೊಬೈಲ್ ತೆಗೆದು ಒಂದೊಂದೇ ಅಕ್ಷರ ಒತ್ತಿದಳು. ಆಮೇಲೆ ಕ್ಲಾಸಿನ ತುಂಬ ಮೊಬೈಲುಗಳು ಟಿಂಗ್ ಎಂದವು: ‘ಅದು ನಾನ ಮಾಡಿದ್ದು. ತಪ್ಪಾತು. ಇನ್ನ ಯಾರೂ ಕಳಿಸಬ್ಯಾಡ್ರಿ.’ ಹೋಳಿಗೆ ಜಗಿಯುತ್ತಿದ್ದ ಬಾಯಿಗಳು ನಿಂತವು.

ನಾನು ನನ್ನ ಜಾಗದಲ್ಲಿ, ಅವಳ ಮಗ್ಗುಲಿಗೇ ಕೂತೆ. ಎಲ್ಲರೂ ನೋಡುತ್ತಿರುವಾಗಲೇ ಎರಡೂ ಗಲ್ಲ ಉಬ್ಬುವಂತೆ ಹೋಳಿಗೆ ತಿಂದೆ. ಅವಳಿಗೂ ಒಂದು ಹಾಕಿದೆ. ತುಪ್ಪ ಮಾತ್ರ ಹಾಕಲಿಲ್ಲ.